ಹತ್ತು ಟ್ಯಾಬ್, ಮೂವತ್ತು ಮಕ್ಕಳು: 3ನೇ ತರಗತಿಯ ಒಂದು ಪ್ರಕರಣ

ಈ ಪ್ರಕರಣ ಶುರುವಾದದ್ದು ಒಬ್ಬ ತಾಯಿಯ ದೂರಿನಿಂದ. "ವಾರಕ್ಕೆ ಮೂರು ಟ್ಯಾಬ್ ಪಿರಿಯಡ್ ಅಂತ ಟೈಮ್‌ಟೇಬಲ್‌ನಲ್ಲಿ ಬರೆದಿದ್ದೀರಿ. ನನ್ನ ಮಗಳು ಮಾತ್ರ ಇನ್ನೂ ಟ್ಯಾಬ್ ಮುಟ್ಟೇ ಇಲ್ಲ ಅಂತಾಳಲ್ಲ ಮಿಸ್?"

ಟೀಚರ್ ತಬ್ಬಿಬ್ಬಾದರು. ಆ ಹುಡುಗಿ ಪ್ರತಿ ಪಿರಿಯಡ್‌ನಲ್ಲೂ ಟ್ಯಾಬ್ ಇದ್ದ ಗುಂಪಿನಲ್ಲೇ ಕೂತಿರುತ್ತಾಳೆ. ಕೇಳಿದ್ದಕ್ಕೆ ಉತ್ತರವನ್ನೂ ಹೇಳುತ್ತಾಳೆ. ಮರುದಿನ ಟೀಚರ್ ಅವಳ ಕೈಗೇ ಒಂದು ಟ್ಯಾಬ್ ಕೊಟ್ಟು, "ಹಿಂದಿನ ಪುಟಕ್ಕೆ ಹೋಗು ನೋಡೋಣ" ಎಂದರು. ಅವಳು ಪರದೆಯನ್ನೇ ನೋಡುತ್ತಾ ನಿಂತಳು. ಎಲ್ಲಿ ಒತ್ತಬೇಕು ಅಂತ ಗೊತ್ತಿರಲಿಲ್ಲ. ಪಾಠ ತಲೆಗೆ ಹೋಗಿತ್ತು, ಟ್ಯಾಬ್ ಕೈಗೆ ಬಂದಿರಲಿಲ್ಲ.

ಆ ಶಾಲೆಯ ಕಂಪ್ಯೂಟರ್, ಟ್ಯಾಬ್‌ಗಳ ಉಸ್ತುವಾರಿ ನನ್ನದು. ಹಾಗಾಗಿ ದೂರು ನನ್ನ ತನಕ ಬಂತು. ಶಾಲೆಯ ಹೆಸರು, ಊರು ಇಲ್ಲಿ ಬೇಡ. ಸಾಧನ ಕಮ್ಮಿ, ಮಕ್ಕಳು ಜಾಸ್ತಿ ಇರುವ ಕಡೆಯೆಲ್ಲ ತೊಂದರೆ ಹೆಚ್ಚುಕಮ್ಮಿ ಇದೇ.

ತರಗತಿಯಲ್ಲಿ ಇದ್ದದ್ದು

30 ಮಕ್ಕಳು, 10 ಆಂಡ್ರಾಯ್ಡ್ ಟ್ಯಾಬ್. ಅವೇ ಟ್ಯಾಬ್‌ಗಳನ್ನು 4 ಮತ್ತು 5ನೇ ತರಗತಿಯವರೂ ಬಳಸುತ್ತಾರೆ. ಪಿರಿಯಡ್ 40 ನಿಮಿಷದ್ದು. ಟ್ಯಾಬ್‌ಗಳು ಬೀರುವಿನಲ್ಲಿ ಒಂದರ ಮೇಲೊಂದು ಇರುತ್ತಿದ್ದವು. ಚಾರ್ಜರ್‌ಗಳು ಒಂದು ಬಟ್ಟೆ ಚೀಲದಲ್ಲಿ, ವೈರಿಗೆ ವೈರು ಸುತ್ತಿಕೊಂಡು ಬಿದ್ದಿರುತ್ತಿದ್ದವು. ಯಾವ ಟ್ಯಾಬಿಗೂ ನಂಬರ್ ಇರಲಿಲ್ಲ. ಹತ್ತಕ್ಕೂ ಒಂದೇ ಅಕೌಂಟ್, ಒಂದೇ ಪಾಸ್‌ವರ್ಡ್. ಆ ಪಾಸ್‌ವರ್ಡ್ 5ನೇ ತರಗತಿಯ ಅರ್ಧ ಮಕ್ಕಳಿಗೆ ಗೊತ್ತಿತ್ತು.

ಗೋಡೆಯ ಮೇಲೆ ನಿಯಮಗಳ ಚಾರ್ಟ್ ಒಂದಿತ್ತು. ಓಡಬೇಡಿ, ಕಿತ್ತಾಡಬೇಡಿ, ಬೇರೆ ಆಪ್ ತೆರೆಯಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಎಲ್ಲವೂ 'ಬೇಡಿ'. ತಪ್ಪಿದರೆ ಆ ಗುಂಪಿನ ಟ್ಯಾಬ್ ವಾಪಸ್. ಅಂದರೆ ಒಬ್ಬ ಗೇಮ್ ತೆರೆದರೆ ಮೂವರಿಗೂ ಶಿಕ್ಷೆ. ಹಾಗೆ ಕಿತ್ತುಕೊಂಡಾಗ ಅತ್ತವರು ಸಾಮಾನ್ಯವಾಗಿ ಏನೂ ಮಾಡದೆ ಪಕ್ಕದಲ್ಲಿ ಕೂತಿದ್ದವರೇ.

ನಾನು ಗಡಿಯಾರ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತೆ. ಮಕ್ಕಳು ಏನು ತಪ್ಪು ಮಾಡುತ್ತಾರೆ ಅಂತ ಬರೆಯಲಿಲ್ಲ. ಟ್ಯಾಬ್ ಯಾವ ನಿಮಿಷದಲ್ಲಿ ಯಾರ ಕೈಲಿದೆ ಅನ್ನೋದನ್ನು ಮಾತ್ರ ಬರೆದುಕೊಂಡೆ. ಟ್ಯಾಬ್ ಕ್ಲಾಸ್ ಸರಿ ಹೋಗುತ್ತಿಲ್ಲ ಅನ್ನುವ ಯಾರಿಗೇ ಆಗಲಿ ಮೊದಲು ಇದನ್ನೇ ಮಾಡಿ ಅಂತ ಹೇಳುತ್ತೇನೆ. ಒಂದು ಹಾಳೆ, ಒಂದು ಪೆನ್ನು ಸಾಕು.

ಆ ಹಾಳೆಯಲ್ಲಿ ಕಂಡದ್ದು ಎರಡು ಸಂಗತಿ. ಬೀರು ತೆರೆದು ಕೊನೆಯ ಗುಂಪು ಕೆಲಸ ಶುರು ಮಾಡುವಷ್ಟರಲ್ಲಿ ಕಾಲು ಗಂಟೆ ಹತ್ತಿರ ಹತ್ತಿರ ಹೋಗುತ್ತಿತ್ತು. ಎಲ್ಲರೂ ಒಟ್ಟಿಗೆ ಬೀರಿನ ಮುಂದೆ. ಚಾರ್ಜ್ ಇಲ್ಲದ ಟ್ಯಾಬ್ ಸಿಕ್ಕವರು ವಾಪಸ್ ಬಂದು ಮತ್ತೆ ಸಾಲು. "ಮಿಸ್, ಇದು ಆನ್ ಆಗ್ತಾ ಇಲ್ಲ" ಎಂಬ ಕೂಗು ಮೂರು ಕಡೆಯಿಂದ. ಎರಡನೆಯದು, ಪ್ರತಿ ಗುಂಪಿನಲ್ಲೂ ಮೊದಲು ಹಿಡಿದವರ ಕೈಯಲ್ಲೇ ಟ್ಯಾಬ್ ಕೊನೆಯವರೆಗೂ ಉಳಿಯುತ್ತಿತ್ತು. ಉಳಿದಿಬ್ಬರು ಕತ್ತು ಚಾಚಿ ನೋಡುವವರು. ದೂರು ಕೊಟ್ಟ ತಾಯಿಯ ಮಗಳು ಗೋಡೆ ಕಡೆ ಕೂರುತ್ತಿದ್ದಳು. ಅವಳಿಗೆ ಪರದೆ ಓರೆಯಾಗಿ ಕಾಣುತ್ತಿತ್ತು, ಅಷ್ಟೇ.

ಇದು ಹೊಸ ಸಂಗತಿ ಏನಲ್ಲ. ಒಂದು ಕಂಪ್ಯೂಟರ್ ಸುತ್ತ ಹತ್ತಾರು ಮಕ್ಕಳು ಮುತ್ತಿಕೊಳ್ಳುವ ಶಾಲೆಗಳಲ್ಲಿ ಮೌಸ್ ಹಿಡಿದವರದ್ದೇ ರಾಜ್ಯ ಅನ್ನೋದನ್ನು ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು ಬಹಳ ಹಿಂದೆಯೇ ಗಮನಿಸಿದ್ದರು. ಒಂದೇ ಕಂಪ್ಯೂಟರ್‌ಗೆ ಹಲವು ಮೌಸ್ ಜೋಡಿಸಿ, ಪರದೆಯ ಮೇಲೆ ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣ ಕೊಟ್ಟು ನೋಡಿದರು. 2006ರಲ್ಲಿ ಅದರ ಬಗ್ಗೆ ಬರೆದರು. ಟ್ಯಾಬಿಗೆ ಆ ಉಪಾಯ ನಡೆಯುವುದಿಲ್ಲ. ಅಲ್ಲಿ ಬೆರಳೇ ಮೌಸ್. ಒಂದು ಬೆರಳು ಪರದೆಯ ಮೇಲಿದ್ದರೆ ಇನ್ನೊಂದನ್ನು ತಳ್ಳಿ ಹಾಕುವುದು ಬಹಳ ಸುಲಭ.

ಒಂದು ಫೋಟೋ

ಇದೇ ಸಮಯಕ್ಕೆ ಇನ್ನೊಂದು ಘಟನೆ ಆಯಿತು. ಅದಾದ ಮೇಲೆ ಮುಖ್ಯೋಪಾಧ್ಯಾಯರೂ ಈ ವಿಷಯಕ್ಕೆ ಕೈ ಹಾಕಿದರು.

4ನೇ ತರಗತಿಯ ಹುಡುಗನೊಬ್ಬ ಬಿದ್ದು ಅಳುತ್ತಿದ್ದ. ಪಕ್ಕದವನು ಸುಮ್ನೆ ತಮಾಷೆಗೆ ಅವನ ಫೋಟೋ ತೆಗೆದ. ಆ ಹೊತ್ತಿಗೆ ಯಾರೂ ಗಮನಿಸಲಿಲ್ಲ. ಮರುದಿನ 3ನೇ ತರಗತಿಯಲ್ಲಿ ಟ್ಯಾಬ್ ಹಂಚಿದಾಗ ಗ್ಯಾಲರಿ ತೆರೆದ ಪ್ರತಿ ಗುಂಪಿಗೂ ಆ ಅಳುಮುಖ ಕಂಡಿತು. ಹತ್ತಕ್ಕೆ ಹತ್ತೂ ಟ್ಯಾಬ್‌ನಲ್ಲಿ. ಕಾರಣ ಸರಳ. ಅಕೌಂಟ್ ಒಂದೇ, ಫೋಟೋ ಬ್ಯಾಕಪ್ ಆನ್ ಇತ್ತು. ಒಂದರಲ್ಲಿ ತೆಗೆದದ್ದು ಎಲ್ಲದರಲ್ಲೂ ಬಂತು. ಅದೇ ಕಾರಣಕ್ಕೆ 5ನೇ ತರಗತಿಯವರು ಹುಡುಕಿದ ವಿಡಿಯೋಗಳು 3ನೇ ತರಗತಿಯ ಮಕ್ಕಳಿಗೆ 'ನಿಮಗಾಗಿ' ಅಂತ ತೋರುತ್ತಿದ್ದವು.

ಫೋಟೋ ತೆಗೆದ ಹುಡುಗನನ್ನು ಕರೆದು ಮಾತಾಡಿದ್ದಾಯಿತು. ಅವನು ಹೆದರಿ ಹೋಗಿದ್ದ. ಅಷ್ಟು ಜನ ನೋಡುತ್ತಾರೆ ಅಂತ ಅವನಿಗೆ ಕನಸಿನಲ್ಲೂ ಗೊತ್ತಿರಲಿಲ್ಲ. ನನ್ನ ಪ್ರಕಾರ ಇಲ್ಲಿ ದೊಡ್ಡ ತಪ್ಪು ಅವನದ್ದಲ್ಲ. ಕ್ಯಾಮೆರಾ ಕ್ಲಿಕ್ ಮಾಡಿದ್ದು ಅವನು, ಎಲ್ಲೆಡೆ ಹಂಚಿದ್ದು ನಾವು ದೊಡ್ಡವರು ಮಾಡಿಟ್ಟಿದ್ದ ವ್ಯವಸ್ಥೆ.

ಬೀರಿನಿಂದ ಬೆಂಚಿಗೆ

ಚಾರ್ಟ್ ಹಾಗೇ ಇರಲಿ, ಅದಕ್ಕೆ ಇನ್ನೊಂದು ನಿಯಮ ಸೇರಿಸುವುದು ಬೇಡ ಅಂತ ಮೊದಲೇ ಒಪ್ಪಿಕೊಂಡೆವು. ಮಕ್ಕಳನ್ನು ತಿದ್ದುವ ಮೊದಲು ಟ್ಯಾಬ್ ಬೀರಿನಿಂದ ಹೊರಟು ಬೀರಿಗೆ ವಾಪಸ್ ಬರುವ ದಾರಿಯನ್ನು ತಿದ್ದೋಣ ಅನ್ನೋದು ತೀರ್ಮಾನ.

ಪ್ರತಿ ಟ್ಯಾಬಿನ ಹಿಂದೆ 1ರಿಂದ 10ರವರೆಗೆ ದೊಡ್ಡ ನಂಬರ್ ಅಂಟಿಸಿದೆವು. ಕವರ್ ಮೇಲೆ ಬೇಡ, ಟ್ಯಾಬ್ ಮೇಲೇ. ಯಾಕೆಂದರೆ ಕವರ್ ಅದಲು ಬದಲಾಗುತ್ತದೆ. ಮೂವರ ಗುಂಪುಗಳನ್ನು ಟೀಚರ್ ತಾವೇ ಮಾಡಿದರು. ಒಂದು ಟರ್ಮ್ ಪೂರ್ತಿ ಒಂದು ಗುಂಪಿಗೆ ಒಂದೇ ನಂಬರ್. 4 ಮತ್ತು 5ನೇ ತರಗತಿಯಲ್ಲೂ ಹಾಗೇ. ಬೀರಿನ ಬಾಗಿಲಿಗೆ ಮೂರು ತರಗತಿಯ ಪಟ್ಟಿ. ಗುಂಪಿನಿಂದ ಒಬ್ಬರು, ವಾರಕ್ಕೊಬ್ಬರಂತೆ, ಪಿರಿಯಡ್ ಶುರುವಿನಲ್ಲಿ ಟ್ಯಾಬನ್ನು ತಿರುಗಿಸಿ ನೋಡಿ ಪಟ್ಟಿಯಲ್ಲಿ 'ಸರಿ ಇದೆ' ಅಥವಾ 'ಏನೋ ಆಗಿದೆ' ಅಂತ ಗುರುತು ಹಾಕಬೇಕು.

ಇದರಿಂದ ಆದದ್ದು ನೋಡಿ. ಮೊದಲು ಪರದೆ ಬಿರುಕು ಬಿಟ್ಟರೆ ಮೂರು ತರಗತಿಯವರೂ "ನಾವಲ್ಲ" ಅನ್ನುತ್ತಿದ್ದರು. ಈಗ 7ನೇ ನಂಬರಿಗೆ ಏನಾದರೂ ಆದರೆ ಯಾವ ಪಿರಿಯಡ್‌ನಲ್ಲಿ ಆಯಿತು ಅಂತ ಪಟ್ಟಿಯೇ ಹೇಳುತ್ತದೆ. ಆದರೆ ಅಸಲಿ ಲಾಭ ಅದಲ್ಲ. ಮಕ್ಕಳು "ನಮ್ಮ 7" ಅನ್ನತೊಡಗಿದರು. ಒಂದು ಗುಂಪು ತನ್ನ ಟ್ಯಾಬಿನ ಪರದೆ ಒರೆಸಲು ತಾನೇ ಬಟ್ಟೆ ಕೇಳಿತು. ಎಲ್ಲರದ್ದು ಅಂದಾಗ ಯಾರದ್ದೂ ಆಗಿರದ ವಸ್ತು ಮೂವರದ್ದು ಅಂದ ಕೂಡಲೇ ಯಾರದ್ದೋ ಆಯಿತು.

ಹಂಚುವ ಕೆಲಸಕ್ಕೆ ಎಲ್ಲರೂ ಏಳುವುದು ನಿಂತಿತು. ಆ ವಾರದ ಹತ್ತು ಮಕ್ಕಳು ಮಾತ್ರ ಸಾಲಾಗಿ ಬರುತ್ತಾರೆ. ಎರಡೂ ಕೈಯಲ್ಲಿ ಹಿಡಿದು, ಪರದೆಯನ್ನು ಎದೆಗೆ ಒತ್ತಿಕೊಂಡು ನಡೆದು ಹೋಗುತ್ತಾರೆ. ಅಷ್ಟರಲ್ಲಿ ಉಳಿದ 20 ಮಕ್ಕಳಿಗೆ ಬೋರ್ಡ್ ಮೇಲೆ ಮೊದಲ ಪ್ರಶ್ನೆ ಇರುತ್ತದೆ, ನೋಟ್‌ಬುಕ್‌ನಲ್ಲಿ ಉತ್ತರ ಊಹಿಸಿ ಬರೆಯಬೇಕು. ಕಾಯುವ ಮಕ್ಕಳಿಗೆ ಕೆಲಸ ಇಲ್ಲದಿದ್ದರೆ ಗಲಾಟೆ ಆಗದೆ ಇನ್ನೇನಾಗುತ್ತೆ, ಅಲ್ವಾ?

ಟೀಚರ್ ಮಾತಾಡಬೇಕಾದಾಗ "ಟ್ಯಾಬ್ ಮಲಗಿಸಿ" ಅನ್ನುತ್ತಾರೆ. ಎಲ್ಲ ಪರದೆ ಕೆಳಮುಖ. ಪರದೆ ಬೆಳಗುತ್ತಿರುವಾಗ ಎಂಟು ವರ್ಷದ ಮಗು ಟೀಚರ್ ಕಡೆ ನೋಡಲಿ ಅಂತ ಬಯಸುವುದು ಅನ್ಯಾಯ.

ಚಾರ್ಜಿಂಗ್

ಮಕ್ಕಳ ಜಗಳಕ್ಕೂ ಚಾರ್ಜರಿಗೂ ನೇರ ಸಂಬಂಧ ಇತ್ತು. ಹತ್ತರಲ್ಲಿ ಎರಡು ಮೂರು ಸತ್ತು ಬಿದ್ದಿದ್ದರೆ ಉಳಿದ ಏಳಕ್ಕೆ ಮೂವತ್ತು ಕೈ.

ಮೊದಲಿನ ಪದ್ಧತಿ ಹೀಗಿತ್ತು: ಒಂದು ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಇನ್ನೊಂದು ಬೋರ್ಡ್ ಸಿಕ್ಕಿಸಿ, ಬೀರಿನೊಳಗೇ ಎಲ್ಲ ಚಾರ್ಜ್‌ಗೆ ಹಾಕಿ, ಬಾಗಿಲು ಮುಚ್ಚಿ ಮನೆಗೆ ಹೋಗುವುದು. ರಾತ್ರಿಯಿಡೀ. ಇದನ್ನು ಆ ದಿನವೇ ನಿಲ್ಲಿಸಿದೆವು. 10 ವ್ಯಾಟ್‌ನ ಹತ್ತು ಚಾರ್ಜರ್ ಅಂದರೆ ಒಟ್ಟು 100 ವ್ಯಾಟ್, ಲೋಡ್ ಏನೂ ದೊಡ್ಡದಲ್ಲ. ಅಪಾಯ ಇರೋದು ಬೋರ್ಡ್‌ಗೆ ಬೋರ್ಡ್ ಸಿಕ್ಕಿಸಿದ ಸಡಿಲ ಜೋಡಣೆಯಲ್ಲಿ, ಗಾಳಿ ಆಡದ ಬೀರಿನಲ್ಲಿ, ನೋಡುವವರಿಲ್ಲದ ರಾತ್ರಿಯಲ್ಲಿ. ಲಿಥಿಯಂ ಅಯಾನ್ ಬ್ಯಾಟರಿಗೆ ಬಿಸಿ ಆಗಿ ಬರೋದಿಲ್ಲ. ಯಾವಾಗಲೂ 100ಕ್ಕೆ ತುಂಬಿಸಿ ಇಟ್ಟರೂ ಬೇಗ ಸವೆಯುತ್ತದೆ.

ಲೆಕ್ಕ ಹಾಕಿದರೆ ರಾತ್ರಿ ಬೇಕಾಗಿಯೂ ಇರಲಿಲ್ಲ. ನಮ್ಮ ಟ್ಯಾಬ್‌ನ ಬ್ಯಾಟರಿ 5000 ಎಂಎಎಚ್, 3.7 ವೋಲ್ಟ್. ಅಂದರೆ ಸುಮಾರು 18.5 ವ್ಯಾಟ್ ಅವರ್. 10 ವ್ಯಾಟ್ ಚಾರ್ಜರ್‌ನಲ್ಲಿ, ಸೋರಿ ಹೋಗುವುದನ್ನೂ ಸೇರಿಸಿದರೆ, ಪೂರ್ತಿ ಖಾಲಿಯಿಂದ ತುಂಬಲು ಎರಡೂವರೆ ಗಂಟೆ ಆಸುಪಾಸು. ನಮಗೆ ಖಾಲಿಯಿಂದ ತುಂಬಿಸಬೇಕಾಗಿಯೇ ಇಲ್ಲ. ದಿನಕ್ಕೆ ಎರಡು ಮೂರು ಪಿರಿಯಡ್‌ಗೆ 80 ಪರ್ಸೆಂಟ್ ಧಾರಾಳ. ಹಾಗಾಗಿ ಮಧ್ಯಾಹ್ನದ ಕೊನೆಯ ಎರಡು ಪಿರಿಯಡ್‌ಗಳಲ್ಲಿ, ಸ್ಟಾಫ್ ರೂಮಿನಲ್ಲಿ, ಎಲ್ಲರ ಕಣ್ಣೆದುರು ಚಾರ್ಜ್. ಫೈಲ್ ನಿಲ್ಲಿಸುವ ತೆರೆದ ಸ್ಟ್ಯಾಂಡ್‌ನಲ್ಲಿ ಟ್ಯಾಬ್‌ಗಳನ್ನು ನಡುವೆ ಜಾಗ ಬಿಟ್ಟು ನಿಲ್ಲಿಸಿ, ಕೇಬಲ್‌ಗಳನ್ನು ಸ್ಟ್ಯಾಂಡಿಗೇ ಕಟ್ಟಿಬಿಟ್ಟೆವು. ಕೇಬಲ್ ಎಲ್ಲೂ ಹೋಗುವುದಿಲ್ಲ, ಟ್ಯಾಬ್ ಬಂದು ಸೇರುತ್ತದೆ. ದೊಡ್ಡ ರಜೆ ಬಂದಾಗ ಅರ್ಧ ಚಾರ್ಜ್‌ನಲ್ಲಿ ಸ್ವಿಚ್ ಆಫ್ ಮಾಡಿ ಇಡುತ್ತೇವೆ.

ಒಂದು ಸಣ್ಣ ವಿಷಯ. ಹಳೆಯ ಮೈಕ್ರೋ ಯುಎಸ್‌ಬಿ ಪಿನ್ ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಮಕ್ಕಳು ತಲೆಕೆಳಗಾಗಿ ತುರುಕಿಯೇ ನಮ್ಮ ಎರಡು ಪೋರ್ಟ್ ಹೋಗಿದ್ದವು. ಹೊಸದಾಗಿ ತೆಗೆದುಕೊಳ್ಳುವವರು ಹೇಗೆ ಹಾಕಿದರೂ ಹೋಗುವ ಟೈಪ್ ಸಿ ಇರುವುದನ್ನೇ ನೋಡಿ.

ಮೂವರಲ್ಲಿ ಸರದಿ

ಇಲ್ಲಿ ತಿಣುಕಾಡಿದ್ದು ಜಾಸ್ತಿ. ಮೂವರಿಗೆ ಮೂರು ಕೆಲಸ ಕೊಟ್ಟೆವು. ಒಬ್ಬರು ಟ್ಯಾಬ್ ಹಿಡಿದು ಒತ್ತುವವರು. ಒಬ್ಬರು ಪರದೆಯಲ್ಲಿ ಇರುವುದನ್ನು ಜೋರಾಗಿ ಓದುವವರು. ಇನ್ನೊಬ್ಬರು ನೋಟ್‌ಬುಕ್‌ನಲ್ಲಿ ಬರೆಯುವವರು. ಹಿಡಿದವರು ಉಳಿದಿಬ್ಬರು ಒಪ್ಪಿದ ಮೇಲೇ ಉತ್ತರ ಒತ್ತಬೇಕು. ಉಳಿದಿಬ್ಬರಿಗೆ ಒಂದೇ ಷರತ್ತು: ಬಾಯಲ್ಲಿ ಹೇಳು, ಬೆರಳು ಬೇಡ.

ಟೈಮರ್ ಇಟ್ಟು ಐದು ನಿಮಿಷಕ್ಕೊಮ್ಮೆ ಟ್ಯಾಬ್ ಕೈ ಬದಲಾಯಿಸುವ ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ತರಗತಿಯಲ್ಲಿ ಕೆಟ್ಟಿತು. ಚಿತ್ರ ಅರ್ಧ ಬರೆದಾಗ, ಪ್ರಶ್ನೆ ಅರ್ಧ ಓದಿದಾಗ ಗಂಟೆ ಹೊಡೆಯುತ್ತಿತ್ತು. "ಒಂದ್ನಿಮಿಷ ಮಿಸ್, ಇದೊಂದು ಮುಗಿಸ್ತೀನಿ" ಅಂತ ಹಿಡಿದವನು, "ಮಿಸ್, ಕೊಡ್ತಾನೇ ಇಲ್ಲ" ಅಂತ ಪಕ್ಕದವನು. ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ಗಡಿಯಾರವನ್ನು ಬಿಟ್ಟು ಕೆಲಸವನ್ನೇ ಅಳತೆ ಮಾಡಿಕೊಂಡೆವು. ಎರಡು ಪ್ರಶ್ನೆ ಮುಗಿದರೆ ಕೈ ಬದಲು. ಚಿತ್ರವಾದರೆ ಒಬ್ಬರು ಮರ, ಒಬ್ಬರು ಮನೆ, ಒಬ್ಬರು ಆಕಾಶ. ಜಗಳ ಪೂರ್ತಿ ನಿಂತಿತು ಅಂತ ಹೇಳಲಾರೆ, ಆದರೆ ಟೀಚರ್ ಬಳಿ ಬರುವ ದೂರು ತೀರಾ ಕಮ್ಮಿ ಆಯಿತು. ಮಕ್ಕಳೇ "ಎರಡಾಯ್ತು, ಕೊಡು" ಅನ್ನುತ್ತಾರೆ.

ಒಬ್ಬ ಹುಡುಗನ ವಿಷಯ ಬೇರೆ. ಅವನಿಗೆ ಟ್ಯಾಬ್ ಚೆನ್ನಾಗಿ ಬರುತ್ತದೆ, ನಿಧಾನಿಗಳನ್ನು ನೋಡಿದರೆ ಅವನಿಗೆ ಸಹಿಸಲಾಗದು. ಕೈ ಹಿಂದೆ ಕಟ್ಟಿಕೊಂಡರೂ ಮೊಣಕೈಯಿಂದ ಪರದೆ ತಟ್ಟುತ್ತಿದ್ದ! ಬೈದರೆ ಉಪಯೋಗವಾಗಲಿಲ್ಲ. ಬರೆಯುವ ಕೆಲಸ ಅವನಿಗೆ ಹಿಡಿಸಿತು, ಅದೂ ಯಾಕೆಂದರೆ ನೋಟ್‌ಬುಕ್‌ನಲ್ಲಿ ಮೂವರ ಉತ್ತರ ಬೇರೆ ಬೇರೆಯಾಗಿದ್ದರೆ ಯಾರದ್ದು ಸರಿ ಅಂತ ಕೊನೆಗೆ ಗುರುತು ಹಾಕುವ ಅಧಿಕಾರವೂ ಅದರ ಜೊತೆ ಬರುತ್ತದೆ. ಅವನಿಗೆ ಬೇಕಿದ್ದದ್ದು ಟ್ಯಾಬಿಗಿಂತ ಯಜಮಾನಿಕೆ ಇರಬೇಕು.

5ನೇ ತರಗತಿಯ ಟೀಚರ್ ಈ ಮೂರು ಕೆಲಸದ ಪದ್ಧತಿಯನ್ನು ಒಪ್ಪಲಿಲ್ಲ. "ಟೈಪಿಂಗ್ ಅಭ್ಯಾಸಕ್ಕೆ ಮೂವರು ಯಾಕೆ? ಒಬ್ಬರಿಗೆ ಒಂದು ಟ್ಯಾಬ್ ಕೊಡ್ತೀನಿ, ಉಳಿದವರು ಬೇರೆ ಕೆಲಸ ಮಾಡಲಿ, ಆಮೇಲೆ ಬದಲಾಯಿಸ್ತೀನಿ" ಎಂದರು. ಅವರ ಮಾತು ಸರಿ. ಟೈಪಿಂಗ್, ಓದಿದ್ದನ್ನು ರೆಕಾರ್ಡ್ ಮಾಡುವುದು, ಮಗ್ಗಿ ಅಭ್ಯಾಸ ಇವೆಲ್ಲ ಒಬ್ಬರೇ ಮಾಡಬೇಕಾದ ಕೆಲಸ. ಅದಕ್ಕೆ ಹತ್ತು ಜನ ಟ್ಯಾಬ್ ಜೊತೆ, ಹತ್ತು ಜನ ಪುಸ್ತಕದ ಜೊತೆ, ಹತ್ತು ಜನ ಟೀಚರ್ ಜೊತೆ ಕೂತು ಸರದಿ ಮೇಲೆ ತಿರುಗುವುದೇ ಒಳ್ಳೆಯದು. ನಕ್ಷೆ ನೋಡಿ ಚರ್ಚಿಸುವುದು, ಕಥೆ ಕಟ್ಟುವುದು, ಒಗಟು ಬಿಡಿಸುವುದಕ್ಕೆ ಮೂವರು ಬೇಕು. ಟ್ಯಾಬ್ ಕಮ್ಮಿ ಇದೆ ಅನ್ನುವ ಒಂದೇ ಕಾರಣಕ್ಕೆ ಎಲ್ಲ ಕೆಲಸಕ್ಕೂ ಗುಂಪು ಮಾಡಿದರೆ ಪಾಠ ಕೆಡುತ್ತದೆ. ಈಗ 3ನೇ ತರಗತಿಯಲ್ಲೂ ವಾರದ ಮೂರರಲ್ಲಿ ಒಂದು ಪಿರಿಯಡ್ ಹೀಗೆ ಸರದಿಯದ್ದು. ದೂರು ಕೊಟ್ಟ ತಾಯಿಯ ಮಗಳಿಗೆ ಟ್ಯಾಬ್ ಪೂರ್ತಿ ಕೈಗೆ ಸಿಗುವುದು ಅದರಲ್ಲೇ.

ಅಕೌಂಟ್, ಆಪ್, ಫೋಟೋ

ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಒಂದೇ ಸಾಧನಕ್ಕೆ ಹಲವು ಬಳಕೆದಾರರನ್ನು ಸೇರಿಸುವ ಸೌಲಭ್ಯ 2012ರ 4.2 ಆವೃತ್ತಿಯಿಂದಲೂ ಇದೆ. ಕೆಲವು ತಯಾರಕರು ಅದನ್ನು ತೆಗೆದಿರುತ್ತಾರೆ, ಕೊಳ್ಳುವಾಗಲೇ ನೋಡಿಕೊಳ್ಳಬೇಕು. ನಮ್ಮದರಲ್ಲಿ ಇತ್ತು. ಪ್ರತಿ ಟ್ಯಾಬಿನಲ್ಲೂ ತರಗತಿಗೊಂದರಂತೆ ಮೂರು ಬಳಕೆದಾರರನ್ನು ಮಾಡಿದೆ. ಒಂದು ತರಗತಿಯ ಫೋಟೋ, ಹುಡುಕಾಟ, ಆಪ್ ಇನ್ನೊಂದಕ್ಕೆ ಕಾಣುವುದಿಲ್ಲ. ಹಳೆಯ ಅಕೌಂಟ್ ತೆಗೆದು, ಫೋಟೋ ಬ್ಯಾಕಪ್ ಆಫ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿದ್ದಾಯಿತು.

ಮಕ್ಕಳು ಒಂದೇ ಆಪ್‌ನಲ್ಲಿ ಇರಲಿ ಅಂತ ಆಪ್ ಪಿನ್ ಮಾಡಿದೆವು. ಇದು 2014ರ ಆಂಡ್ರಾಯ್ಡ್ 5ರಿಂದ ಇರುವ ಸೌಲಭ್ಯ. ಐಪ್ಯಾಡ್ ಇರುವವರಿಗೆ ಗೈಡೆಡ್ ಆಕ್ಸೆಸ್ ಎಂಬ ಹೆಸರಿನಲ್ಲಿ ಇಂಥದ್ದೇ ಸಿಗುತ್ತದೆ. ಪಿನ್ ಬಿಡಿಸುವಾಗ ಸ್ಕ್ರೀನ್ ಲಾಕ್ ಕೇಳುವ ಆಯ್ಕೆಯನ್ನು ಆನ್ ಮಾಡದಿದ್ದರೆ ಇದರಿಂದ ಏನೂ ಪ್ರಯೋಜನವಿಲ್ಲ. ಬಿಡಿಸುವ ವಿಧಾನವನ್ನು ಟ್ಯಾಬ್ ತಾನೇ ಪರದೆಯ ಮೇಲೆ ಬರೆದು ತೋರಿಸುತ್ತದೆ, ಮೂರನೇ ತರಗತಿಯವರಿಗೆ ಓದಲು ಬರುತ್ತದಲ್ಲ!

ಕ್ಯಾಮೆರಾ ಪಾಠಕ್ಕೆ ಬೇಕಾದಾಗ ಮಾತ್ರ. ಮನುಷ್ಯರ ಫೋಟೋ ತೆಗೆಯುವ ಮೊದಲು ಅವರನ್ನು ಕೇಳಬೇಕು, ತೆಗೆದ ಮೇಲೆ ಅವರಿಗೆ ತೋರಿಸಬೇಕು. ಮಕ್ಕಳ ಕೆಲಸವನ್ನು ಶುಕ್ರವಾರ ಟೀಚರ್ ತಮ್ಮ ಕಂಪ್ಯೂಟರ್‌ಗೆ ತೆಗೆದುಕೊಂಡು ಟ್ಯಾಬ್ ಖಾಲಿ ಮಾಡುತ್ತಾರೆ. ಮೊದಲು ಒಬ್ಬರ ಚಿತ್ರವನ್ನು ಇನ್ನೊಬ್ಬರು ಅಳಿಸಿ ರಂಪ ಆಗುತ್ತಿತ್ತು. ಟ್ಯಾಬ್ ಕೆಲಸ ಮಾಡುವ ಜಾಗ, ಇಟ್ಟುಕೊಳ್ಳುವ ಜಾಗ ಅಲ್ಲ ಅಂತ ಗೊತ್ತಾದ ಮೇಲೆ ಅದು ನಿಂತಿತು.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಆಪ್ ಅಪ್‌ಡೇಟ್ ತಾನಾಗಿ ಆಗುವುದನ್ನು ಆಫ್ ಮಾಡಿ, ಶನಿವಾರ ಎರಡೆರಡು ಟ್ಯಾಬ್‌ಗೆ ಮಾಡುತ್ತೇವೆ. ಹತ್ತೂ ಒಟ್ಟಿಗೆ ಅಪ್‌ಡೇಟ್‌ಗೆ ಇಳಿದರೆ ಸೋಮವಾರದ ಪಿರಿಯಡ್‌ನಲ್ಲಿ ವೈಫೈ ಮುಗಿದಂತೆಯೇ. ವಿಡಿಯೋ ಪಾಠಗಳು ಮೊದಲೇ ಡೌನ್‌ಲೋಡ್. ಪರದೆ ಒರೆಸಲು ಒಣ ಮೈಕ್ರೋಫೈಬರ್ ಬಟ್ಟೆ. ಯಾವ ದ್ರಾವಣವನ್ನೂ ನೇರವಾಗಿ ಪರದೆಗೆ ಚಿಮುಕಿಸುವುದಿಲ್ಲ. ಹೆಡ್‌ಫೋನ್ ಬಳಸುವಾಗ ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ. ಮಕ್ಕಳಿಗೆ 75 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಹೇಳಿವೆ. ನಮ್ಮ ಗಂಟೆಗಳು ಅದಕ್ಕಿಂತ ಎಷ್ಟೋ ಕಮ್ಮಿ, ಆದರೆ ಸದ್ದು ಕೂಡ ಕಮ್ಮಿ ಇದ್ದರೆ ಪಕ್ಕದ ಗುಂಪಿಗೂ ನೆಮ್ಮದಿ.

ಈಗಿನ ಸ್ಥಿತಿ

ಹಂಚುವುದು ಮೂರು ನಾಲ್ಕು ನಿಮಿಷಕ್ಕೆ ಇಳಿದಿದೆ. ಕೊನೆಯ ಐದು ನಿಮಿಷ ವಾಪಸ್ ಇಡಲು ಮೀಸಲು, ಅದನ್ನು ಪಾಠಕ್ಕೆ ಎಳೆದುಕೊಂಡರೆ ಎಲ್ಲ ಹಾಳು. ಟೀಚರ್ ರಜೆ ಹಾಕಿ ಬೇರೆಯವರು ಬಂದ ದಿನ ಹಳೆಯ ಸಂತೆ ಮತ್ತೆ ಸೇರಿತ್ತು. ಆಮೇಲೆ ಬೀರಿನ ಒಳಬಾಗಿಲಿಗೆ ಒಂದು ಪುಟದ ಸೂಚನೆ ಅಂಟಿಸಿದೆವು. ಯಾರು ಬಂದರೂ ಓದಿ ನಡೆಸುವಷ್ಟು ಸರಳ. ನಿಜ ಹೇಳಬೇಕೆಂದರೆ ಬಂದವರಿಗೆ ಮಕ್ಕಳೇ ಹೇಳಿಕೊಡುತ್ತಾರೆ.

ಬಗೆಹರಿಯದ್ದು ಒಂದಿದೆ. ದಿನದ ತಪಾಸಣೆಯಲ್ಲಿ 6ನೇ ನಂಬರಿನ ಗುಂಪಿನ ಹುಡುಗಿ "ಮಿಸ್, ಇದು ಮೇಜಿನ ಮೇಲೆ ಅಲ್ಲಾಡ್ತಿದೆ" ಎಂದಳು. ತಿರುಗಿಸಿ ನೋಡಿದರೆ ಹಿಂಬದಿ ಉಬ್ಬಿತ್ತು. ಬ್ಯಾಟರಿ ಊದಿಕೊಂಡಿದೆ. ಊದಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು, ಕಸದ ಬುಟ್ಟಿಗೂ ಹಾಕಬಾರದು. ಸ್ವಿಚ್ ಆಫ್ ಮಾಡಿ, ಬೆಂಕಿ ಹತ್ತುವ ವಸ್ತುಗಳಿಂದ ದೂರ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆವು.

ಈಗ ಇರುವುದು ಒಂಬತ್ತು. ಪ್ರತಿ ವಾರ ಒಂದು ಗುಂಪು ಟ್ಯಾಬ್ ಇಲ್ಲದೆ, ಅದೇ ಪ್ರಶ್ನೆಗಳನ್ನು ಪುಸ್ತಕ ಮತ್ತು ಬೋರ್ಡ್ ನೋಡಿ ಬಿಡಿಸುತ್ತದೆ. ಸರದಿ ಪಟ್ಟಿ ಬೀರಿನ ಮೇಲಿದೆ. ಆ ವಾರದ ಗುಂಪಿಗೆ ಇದು ಇಷ್ಟವಿಲ್ಲ, ಬಾಯಿಬಿಟ್ಟು ಹೇಳುತ್ತಾರೆ ಕೂಡ. ನಾಲ್ಕು ಜನರ ಗುಂಪು ಮಾಡಿದರೆ ಎಲ್ಲರಿಗೂ ಟ್ಯಾಬ್ ಸಿಗುತ್ತದೆ ಅನ್ನೋದು ಟೀಚರ್ ಯೋಚನೆ. ನಾಲ್ಕನೆಯವರಿಗೆ ಕೆಲಸ ಏನು ಅನ್ನೋದು ನನ್ನ ಪ್ರಶ್ನೆ. ಹೊಸ ಟ್ಯಾಬ್‌ಗೆ ಅರ್ಜಿ ಹೋಗಿದೆ. ಅದು ಬರುವ ತನಕ ಮೂವರೇ ಇರಲಿ ಅಂತ ಸದ್ಯಕ್ಕೆ ಒಪ್ಪಿಕೊಂಡಿದ್ದೇವೆ.